ಅಣುಕಂಪನದ ಆಯುಷ್ಯ

ಶರಾವತಿ ಹುಟ್ಟುವುದು ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ. ಶ್ರೀರಾಮನು ಅಂಬು ಹೊಡೆದು ನೆಲದೊಳಗಿನ ನೀರನ್ನು ಮೇಲಕ್ಕೆ ತಂದನೆಂದು ಸ್ಥಳಪುರಾಣ. ಅಲ್ಲಿಂದ ಹೊರಟ ಹೊಳೆ ಹೊಸನಗರದ ಸೀಮೆಯನ್ನು ಹಾದು, ಸಾಗರ ತಾಲ್ಲೂಕಿನ ಕಣಿವೆಗಳಲ್ಲಿ ಹರಿದು, ಜೋಗದಲ್ಲಿ 253 ಮೀಟರು, ಎಂದರೆ ಸುಮಾರು 830 ಅಡಿ, ಕೆಳಕ್ಕೆ ಧುಮುಕುತ್ತದೆ. ನೋಡುವವರಿಗೆ ಅದು ಸೌಂದರ್ಯ. ಎಂಜಿನಿಯರಿಗೆ ಅದು ಲೆಕ್ಕ. ನೀರು ಎಷ್ಟು ಎತ್ತರದಲ್ಲಿದೆ ಎಂಬುದು ಅವನ ಮೊದಲನೆಯ ಪ್ರಶ್ನೆ. ಆ ಎತ್ತರದಲ್ಲಿ ಅದು ಎಷ್ಟು ಕಾಲ ನಿಲ್ಲುತ್ತದೆ, ಅನಂತರ ಯಾವ ದಾರಿಯಲ್ಲಿ ಇಳಿಯುತ್ತದೆ ಎಂಬುದು ಎರಡನೆಯದು. ಮೊದಲನೆಯ ಪ್ರಶ್ನೆಗೆ ಉತ್ತರ ಸಿಕ್ಕಿದ ಮಾತ್ರಕ್ಕೆ ದೀಪ ಉರಿಯುವುದಿಲ್ಲ. ಮಳೆಗಾಲದ ನೀರನ್ನು ಬೇಸಗೆಯವರೆಗೆ ಹಿಡಿದಿಡಬೇಕೆಂದೇ 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಎದ್ದಿತು. ಸಾಗರ, ಹೊಸನಗರ ತಾಲ್ಲೂಕುಗಳ ಎಷ್ಟೋ ಹಳ್ಳಿಗಳು ಅದರ ಮುಳುಗಡೆಗೆ ಸೇರಿದವು. ಶಕ್ತಿಯನ್ನು ತಡೆದು ನಿಲ್ಲಿಸುವುದಕ್ಕೆ ಎಷ್ಟು ಬೆಲೆ ಕೊಡಬೇಕೆಂಬುದನ್ನು ನಮ್ಮ ಕಡೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಇವೇ ಎರಡು ಪ್ರಶ್ನೆಗಳನ್ನು ವಿಜ್ಞಾನಿಗಳು ಕಣ್ಣಿಗೆ ಕಾಣದಷ್ಟು ಚಿಕ್ಕದಾದ ಅಣುವಿನ ವಿಷಯದಲ್ಲಿಯೂ ಕೇಳಿದರು. ಅಣು ಒಳಗೊಳಗೇ ಕಂಪಿಸುತ್ತಿರುತ್ತದೆ. ಆ ಕಂಪನದಲ್ಲಿ ಎಷ್ಟು ಶಕ್ತಿಯಿದೆ? ಆ ಶಕ್ತಿ ಅಲ್ಲಿ ಎಷ್ಟು ಹೊತ್ತು ನಿಲ್ಲುತ್ತದೆ, ಯಾರ ಕೈಗೆ ಹೋಗುತ್ತದೆ? ಮೊದಲನೆಯ ಪ್ರಶ್ನೆಗೆ ಒಂದು ಹೊಸ ಬಾಗಿಲು ತೆರೆದದ್ದು 1928ರಲ್ಲಿ. ಅದರ ವಿವರವಾದ ಸುದ್ದಿ ಮೊದಲು ಸಭೆಯ ಕಿವಿಗೆ ಬಿದ್ದದ್ದು ನಮ್ಮ ಬೆಂಗಳೂರಿನಲ್ಲಿ. ಎರಡನೆಯದಕ್ಕೆ ನೇರವಾದ ಉತ್ತರ ದೊರೆಯಲು 1966ರವರೆಗೆ, ಎಂದರೆ ಮೂವತ್ತೆಂಟು ವರ್ಷ, ಕಾಯಬೇಕಾಯಿತು. ನಾನು ಹೊಸನಗರದ ಕಡೆಯವನು. ಭೌತಶಾಸ್ತ್ರದ ಪಾಠ ಹೇಳಿ ಹೊಟ್ಟೆ ಹೊರೆದವನು. ಆ ಮೂವತ್ತೆಂಟು ವರ್ಷಗಳ ಕಥೆಯನ್ನು, ಅದರ ಮುಂದಣ ಸಂಗತಿಗಳನ್ನು, ಶರಾವತಿಯ ದಂಡೆಯವನ ಕಣ್ಣಿನಿಂದ ಓದುಗರ ಮುಂದೆ ಇಡುವುದು ಈ ಬರಹದ ಉದ್ದೇಶ.

ಮೊದಲು ಅಣುವಿನ ಪರಿಚಯ ಆಗಬೇಕು. ನಾವು ಉಸಿರಾಡುವ ಗಾಳಿಯಲ್ಲಿ ಹೆಚ್ಚಿನ ಪಾಲು ಸಾರಜನಕ. ಅದರ ಒಂದು ಅಣುವೆಂದರೆ ಎರಡು ಪರಮಾಣುಗಳ ಜೋಡಿ. ಅವೆರಡರ ನಡುವೆ ಒಂದು ಸ್ಪ್ರಿಂಗ್ ಇದೆಯೆಂದು ಭಾವಿಸಿಕೊಳ್ಳಬಹುದು. ಈ ಸ್ಪ್ರಿಂಗ್ ಹಿಗ್ಗಿ ಕುಗ್ಗುವುದು ಸೆಕೆಂಡಿಗೆ ಸುಮಾರು 70 ಲಕ್ಷ ಕೋಟಿ ಸಲ. ಇಂಗಾಲದ ಡೈ ಆಕ್ಸೈಡಿನ ಅಣುವಾದರೆ ನಮ್ಮ ಕಾವಡಿಯಂತೆ: ನಡುವೆ ಹೆಗಲಿನ ಜಾಗದಲ್ಲಿ ಇಂಗಾಲ, ಎರಡು ತುದಿಗೆ ಆಮ್ಲಜನಕ. ಕಾವಡಿ ಹೊತ್ತವನು ನಡೆಯುವಾಗ ಅಡ್ಡೆ ಬಾಗಿ ಏಳುವಂತೆ ಈ ಅಣುವೂ ಬಾಗಿ ಏಳುತ್ತದೆ. ಅದು ಒಂದು ಬಗೆಯ ಕಂಪನ. ಎರಡು ತುದಿಗಳೂ ಒಟ್ಟಿಗೆ ಹೊರಕ್ಕೆ, ಒಟ್ಟಿಗೆ ಒಳಕ್ಕೆ ಸರಿಯುವುದು ಎರಡನೆಯ ಬಗೆ. ಒಂದು ತುದಿ ಹತ್ತಿರ ಬರುವಾಗ ಇನ್ನೊಂದು ದೂರ ಸರಿಯುವುದು ಮೂರನೆಯದು. ಇನ್ನೊಂದು ಮಾತನ್ನು ನೆನಪಿನಲ್ಲಿಡಬೇಕು. ಅಣುವಿನ ಕಂಪನ ತನಗೆ ತೋಚಿದಷ್ಟು ಶಕ್ತಿಯನ್ನು ತೆಗೆದುಕೊಳ್ಳಲಾರದು. ಅದಕ್ಕೆ ಮೆಟ್ಟಿಲುಗಳುಂಟು. ಒಂದು ಮೆಟ್ಟಿಲು ಹತ್ತಿದರೆ ಹತ್ತಿತು. ಅರ್ಧ ಮೆಟ್ಟಿಲೆಂಬುದು ಇಲ್ಲ. ಒಂದೊಂದು ಜಾತಿಯ ಅಣುವಿನ ಮೆಟ್ಟಿಲಿಗೆ ಒಂದೊಂದು ಎತ್ತರ.

ಈ ಮೆಟ್ಟಿಲಿನ ಎತ್ತರವನ್ನು ಅಳೆಯುವ ಒಂದು ಹೊಸ ಉಪಾಯವೇ ರಾಮನ್ ಪರಿಣಾಮ. 1928ರ ಫೆಬ್ರವರಿ 28ರಂದು ಕಲ್ಕತ್ತೆಯಲ್ಲಿ ಸಿ. ವಿ. ರಾಮನ್ ಮತ್ತು ಕೆ. ಎಸ್. ಕೃಷ್ಣನ್ ಅದನ್ನು ಕಂಡರು. ಹದಿನೇಳು ದಿನಗಳ ತರುವಾಯ, ಮಾರ್ಚ್ 16ರ ಶುಕ್ರವಾರ, ರಾಮನ್ ಬೆಂಗಳೂರಿಗೆ ಬಂದು ದಕ್ಷಿಣ ಭಾರತ ವಿಜ್ಞಾನ ಸಂಘದ ಪ್ರಾರಂಭೋಪನ್ಯಾಸವಾಗಿ ಅದನ್ನು ವಿವರಿಸಿದರು. ಉಪನ್ಯಾಸದ ಹೆಸರು ‘ಒಂದು ಹೊಸ ವಿಕಿರಣ’. ಸಂಗತಿ ಇಷ್ಟೆ: ಒಂದೇ ಬಣ್ಣದ ಬೆಳಕನ್ನು ದ್ರವದೊಳಕ್ಕೆ ಬಿಟ್ಟರೆ ಚದರಿ ಹೊರಬರುವ ಬೆಳಕಿನ ಬಹುಪಾಲು ಅದೇ ಬಣ್ಣದ್ದಾಗಿರುತ್ತದೆ, ಅತಿ ಸ್ವಲ್ಪ ಭಾಗ ಮಾತ್ರ ಬಣ್ಣ ಬದಲಿಸಿಕೊಂಡು ಬರುತ್ತದೆ. ಹಾಗೆ ಬದಲಾದ ಬೆಳಕು ದಾರಿಯಲ್ಲಿ ಅಣುವಿಗೆ ಒಂದು ಮೆಟ್ಟಿಲಿನಷ್ಟು ಸುಂಕ ತೆತ್ತು ಬಂದಿದೆ. ತೆತ್ತ ಸುಂಕವೆಷ್ಟೆಂದು ನೋಡಿದರೆ ಮೆಟ್ಟಿಲಿನ ಎತ್ತರ ತಿಳಿಯಿತು. ಸಾರಜನಕ, ಆಮ್ಲಜನಕಗಳಂಥ ಸಮಜೋಡಿಯ ಅಣುಗಳ ಕಂಪನ ಅವಕೆಂಪು ಕಿರಣಗಳಿಗೆ ಸಿಕ್ಕುವುದೇ ಇಲ್ಲ. ರಾಮನ್ನರ ಬೆಳಕಿಗೆ ಅವೂ ಸಿಕ್ಕಿದವು. 1930ರಲ್ಲಿ ನೊಬೆಲ್ ಬಹುಮಾನ ಬಂದುದು ಎಲ್ಲರೂ ಬಲ್ಲ ಸಂಗತಿ.

ಆದರೆ ಈ ಬೆಳಕು ಮೆಟ್ಟಿಲಿನ ಎತ್ತರವನ್ನು ಹೇಳಿತೇ ಹೊರತು, ಮೇಲೆ ಹತ್ತಿದ ಅಣು ಅಲ್ಲಿ ಎಷ್ಟು ಹೊತ್ತು ಕುಳಿತಿತು ಎಂಬುದನ್ನು ಹೇಳಲಿಲ್ಲ. ಹೇಳುವಂತೆಯೂ ಇರಲಿಲ್ಲ. ಆ ಕಾಲದ ಪಾದರಸದ ದೀಪದಿಂದ ರಾಮನ್ ರೇಖೆಗಳ ಚಿತ್ರ ತೆಗೆಯಬೇಕಾದರೆ ಛಾಯಾಫಲಕವನ್ನು ಗಂಟೆಗಟ್ಟಲೆ, ಕೆಲವು ವೇಳೆ ದಿನಗಟ್ಟಲೆ, ಬೆಳಕಿಗೆ ಒಡ್ಡಬೇಕಾಗುತ್ತಿತ್ತು. ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಪಾಲಿನಲ್ಲಿ ಮುಗಿದುಹೋಗುವ ಘಟನೆಯನ್ನು ಗಂಟೆಗಳ ಲೆಕ್ಕದ ಚಿತ್ರದಲ್ಲಿ ಹಿಡಿಯುವುದು ಹೇಗೆ?

ಸೋಜಿಗವೆಂದರೆ ಕಾಲದ ಮೊದಲ ಸುಳಿವು ಬೆಳಕಿನಿಂದ ಬರದೆ ಧ್ವನಿಯಿಂದ ಬಂತು. 1925ರಲ್ಲಿ ಅಮೆರಿಕದ ಹಾರ್ವರ್ಡಿನಲ್ಲಿ ಜಿ. ಡಬ್ಲ್ಯು. ಪಿಯರ್ಸ್ ಎಂಬವರು ಇಂಗಾಲದ ಡೈ ಆಕ್ಸೈಡಿನಲ್ಲಿ ಕಿವಿಗೆ ಕೇಳಿಸದಷ್ಟು ಕೀರಲಾದ ಶ್ರವಣಾತೀತ ಧ್ವನಿಯನ್ನು ಹರಿಸಿ ಅದರ ವೇಗವನ್ನು ಅಳೆದರು. ಆವರ್ತನ ಏರಿದಂತೆ ವೇಗವೂ ಏರಿತು. ಹಳೆಯ ಪುಸ್ತಕಗಳ ಪ್ರಕಾರ ಹಾಗಾಗಕೂಡದು. 1928ರಲ್ಲಿಯೇ, ರಾಮನ್ ಪರಿಣಾಮ ಬೆಳಕಿಗೆ ಬಂದ ಅದೇ ವರ್ಷದಲ್ಲಿ, ಹರ್ಟ್ಸ್‌ಫೆಲ್ಡ್ ಮತ್ತು ರೈಸ್ ಇದಕ್ಕೆ ಕಾರಣ ಹೇಳಿದರು. ಧ್ವನಿಯೆಂದರೆ ಅನಿಲದ ಒತ್ತಡ ಏರಿಳಿಯುವುದು. ಒತ್ತಿದಾಗ ಅನಿಲ ಕೊಂಚ ಬಿಸಿಯಾಗುತ್ತದೆ. ಆ ಬಿಸಿ ಮೊದಲು ಅಣುಗಳ ಓಡಾಟಕ್ಕೆ ಸಲ್ಲುತ್ತದೆ. ಆಮೇಲೆ ನಿಧಾನವಾಗಿ ಅವುಗಳ ಒಳಕಂಪನಕ್ಕೆ ಹಂಚಿಹೋಗುತ್ತದೆ. ಧ್ವನಿ ಮೆಲ್ಲಗೆ ಏರಿಳಿದರೆ ಹಂಚಿಕೆಗೆ ಸಮಯವಿರುತ್ತದೆ. ಅವಸರವಾಗಿ ಏರಿಳಿದರೆ ಕಂಪನಕ್ಕೆ ಪಾಲು ಮುಟ್ಟುವುದರೊಳಗೆ ಒತ್ತಡ ಇಳಿದೇ ಹೋಗಿರುತ್ತದೆ. ಯಾವ ಆವರ್ತನದ ಬಳಿ ಈ ತಪ್ಪಾಟ ಶುರುವಾಗುತ್ತದೆಂದು ಗುರುತಿಸಿದರೆ ಹಂಚಿಕೆಗೆ ಬೇಕಾದ ಕಾಲ ತಿಳಿಯಿತೆಂದೇ ಅರ್ಥ. ಈ ರೀತಿ ಲೆಕ್ಕ ಹಾಕಿದಾಗ ಸಾಮಾನ್ಯ ಒತ್ತಡದ ಇಂಗಾಲದ ಡೈ ಆಕ್ಸೈಡಿನಲ್ಲಿ ಸೆಕೆಂಡಿನ ಹತ್ತು ಲಕ್ಷ ಭಾಗದಲ್ಲಿ ಆರೇಳು ಭಾಗ ಎಂಬ ಉತ್ತರ ಬಂತು. ಕೇಳುವುದಕ್ಕೆ ಅತ್ಯಲ್ಪ. ಆದರೆ ಅಷ್ಟರಲ್ಲಿ ಒಂದು ಅಣು ನೆರೆಯವರೊಡನೆ ಸುಮಾರು ಐವತ್ತು ಸಾವಿರ ಸಲ ಢಿಕ್ಕಿ ಹೊಡೆದಿರುತ್ತದೆ! ಅಷ್ಟು ಢಿಕ್ಕಿಗಳಲ್ಲಿ ಸರಾಸರಿ ಒಂದರಲ್ಲಿ ಮಾತ್ರ ಕಂಪನದ ಶಕ್ತಿ ಕೈ ಬದಲಾಯಿಸುತ್ತದೆ.

ಇದು ಯಾಕೆ ಇಷ್ಟು ಅಪರೂಪ? 1936ರಲ್ಲಿ ಲಾಂಡೌ ಮತ್ತು ಟೆಲ್ಲರ್ ಕೊಟ್ಟ ವಿವರಣೆ ದೇವಸ್ಥಾನದ ಘಂಟೆಯನ್ನು ಬಲ್ಲವರಿಗೆಲ್ಲ ಅರ್ಥವಾಗುವಂಥದು. ಘಂಟೆಯನ್ನು ಅಂಗೈಯಿಂದ ಮೆಲ್ಲಗೆ ತಳ್ಳಿದರೆ ಅದು ತೂಗಾಡೀತೇ ವಿನಾ ನಾದ ಹೊರಡಿಸದು. ನಾದ ಬೇಕಾದರೆ ನಾಲಗೆ ಫಕ್ಕನೆ ಬಡಿಯಬೇಕು. ಅಣುವಿನ ಕಂಪನಕ್ಕೆ ಹೋಲಿಸಿದರೆ ಸಾಮಾನ್ಯ ಉಷ್ಣತೆಯಲ್ಲಿ ನಡೆಯುವ ಢಿಕ್ಕಿಗಳೆಲ್ಲ ಅಂಗೈ ತಳ್ಳುಗಳೇ. ಗಾಳಿ ಬಿಸಿಯಾದಷ್ಟೂ ಢಿಕ್ಕಿ ಬಿರುಸಾಗುತ್ತದೆ, ಹಂಚಿಕೆಯೂ ಬೇಗನಾಗುತ್ತದೆ.

ಇದೇ ಹೊತ್ತಿನಲ್ಲಿ ಬೆಂಗಳೂರಿನಲ್ಲಿ ಏನು ನಡೆಯುತ್ತಿತ್ತೆಂದು ನೋಡುವುದು ಉಚಿತ. ರಾಮನ್ 1933ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿ ಇಲ್ಲಿಗೆ ಬಂದರು. 1934ರಲ್ಲಿ ಇಲ್ಲಿಯೇ ಭಾರತೀಯ ವಿಜ್ಞಾನ ಅಕಾಡೆಮಿಯನ್ನು ಸ್ಥಾಪಿಸಿದರು. 1935–36ರಲ್ಲಿ ಅವರೂ ಎನ್. ಎಸ್. ನಾಗೇಂದ್ರನಾಥರೂ ಸೇರಿ, ಶ್ರವಣಾತೀತ ಧ್ವನಿ ಹರಿಯುತ್ತಿರುವ ದ್ರವದ ಮೂಲಕ ಬೆಳಕು ಹಾದರೆ ಅದು ಹೇಗೆ ಕವಲೊಡೆಯುತ್ತದೆಂಬ ಸಿದ್ಧಾಂತವನ್ನು ಸರಣಿ ಲೇಖನಗಳಲ್ಲಿ ಬರೆದರು. ‘ರಾಮನ್–ನಾಥ್ ಸಿದ್ಧಾಂತ’ ಎಂದೇ ಅದಕ್ಕೆ ಜಗತ್ತಿನಲ್ಲಿ ಹೆಸರು. ದ್ರವದೊಳಗಿನ ಧ್ವನಿಯನ್ನು ಬೆಳಕಿನಿಂದ ಅಳೆಯುವ ಎಷ್ಟೋ ಪ್ರಯೋಗಗಳಿಗೆ ಅದು ತಳಹದಿಯಾಯಿತು. ಬೆಳಕು ಮತ್ತು ಧ್ವನಿ, ನಮ್ಮ ಕಥೆಯ ಈ ಎರಡು ಎಳೆಗಳೂ ಒಬ್ಬರೇ ಮನುಷ್ಯರ ಮೇಜಿನ ಮೇಲೆ, ಒಂದೇ ಊರಿನಲ್ಲಿ ಇದ್ದವು. ಎರಡನ್ನೂ ಹೆಣೆದು ಅಣುವಿನ ಕಾಲವನ್ನು ಹಿಡಿಯುವುದಕ್ಕೆ ಬೇಕಾದ ಒಂದೇ ಒಂದು ಉಪಕರಣ ಆಗಿನ್ನೂ ಹುಟ್ಟಿರಲಿಲ್ಲ.

ಧ್ವನಿಯ ವಿಧಾನಕ್ಕೆ ಒಂದು ದೊಡ್ಡ ಕಿರುಕುಳವಿತ್ತು: ತೇವ. ಅನಿಲದಲ್ಲಿ ಎಳ್ಳಷ್ಟು ನೀರಾವಿ ಸೇರಿದರೂ ಉತ್ತರ ಬುಡಮೇಲಾಗುತ್ತಿತ್ತು. ಒಬ್ಬರ ಅಳತೆ ಇನ್ನೊಬ್ಬರದಕ್ಕೆ ಹೊಂದುತ್ತಿರಲಿಲ್ಲ. ಉಪ್ಪಿನ ಭರಣಿ ಮಳೆಗಾಲದಲ್ಲಿ ನೀರಾಗುವ ಊರಿನವನಾದ ನನಗೆ ಆ ಸಂಶೋಧಕರ ಪಾಡು ಚೆನ್ನಾಗಿ ಅರ್ಥವಾಗುತ್ತದೆ. ಆದರೆ ಕಿರುಕುಳವೇ ಒಂದು ಶೋಧವೂ ಆಯಿತು. ಕ್ಯಾಲಿಫೋರ್ನಿಯದಲ್ಲಿ ಸಭಾಂಗಣಗಳ ಧ್ವನಿಯನ್ನು ಅಧ್ಯಯನ ಮಾಡುತ್ತಿದ್ದ ವರ್ನ್ ನ್ಯೂಡ್ಸನ್ 1931ರಲ್ಲಿ, ಕೋಣೆಯ ಗಾಳಿಯ ತೇವ ಬದಲಾದರೆ ಕೀರಲು ಧ್ವನಿ ಗಾಳಿಯಲ್ಲಿ ಇಂಗುವ ಪ್ರಮಾಣವೂ ಬದಲಾಗುವುದನ್ನು ಪ್ರಕಟಿಸಿದರು. ಕಾರಣವನ್ನು ಬಿಡಿಸಿದವರು ಜರ್ಮನಿಯ ನೇಸರ್. ಆಮ್ಲಜನಕದ ಕಂಪನಕ್ಕೂ ಅಣುಗಳ ಓಡಾಟಕ್ಕೂ ನಡುವೆ ನೀರಾವಿಯ ಅಣು ದಲ್ಲಾಳಿಯ ಕೆಲಸ ಮಾಡುತ್ತದೆ. ತಾನು ಏನನ್ನೂ ಇಟ್ಟುಕೊಳ್ಳದೆ ವ್ಯವಹಾರವನ್ನು ಮಾತ್ರ ಬೇಗ ಕುದುರಿಸುತ್ತದೆ. ಹೀಗಾಗಿ ಆಗುಂಬೆಯ ಆಷಾಢದ ಗಾಳಿಯೂ ಬಯಲುಸೀಮೆಯ ಚೈತ್ರದ ಒಣಗಾಳಿಯೂ ಕೀರಲು ಧ್ವನಿಯನ್ನು ಒಂದೇ ಪ್ರಮಾಣದಲ್ಲಿ ನುಂಗುವುದಿಲ್ಲ.

ಎರಡನೆಯ ಮಹಾಯುದ್ಧದ ಅನಂತರ ಇನ್ನೊಂದು ಸಾಧನ ಬಳಕೆಗೆ ಬಂತು: ಆಘಾತ ನಳಿಕೆ. ಉದ್ದವಾದ ಕೊಳವೆಯ ಒಂದು ಭಾಗದಲ್ಲಿ ಒತ್ತಡದ ಅನಿಲ, ಇನ್ನೊಂದರಲ್ಲಿ ಪರೀಕ್ಷಿಸಬೇಕಾದ ಅನಿಲ, ನಡುವೆ ಒಂದು ತೆಳುವಾದ ತೆರೆ. ತೆರೆ ಹರಿದೊಡನೆ ಆಘಾತ ತರಂಗ ಓಡಿ, ಅನಿಲವನ್ನು ಕಣ್ಣು ಮಿಟುಕಿಸುವುದರೊಳಗೆ ಸಾವಿರಾರು ಡಿಗ್ರಿಗೆ ಕಾಯಿಸುತ್ತದೆ. ಅಷ್ಟು ಉಷ್ಣತೆಯಲ್ಲಿ ಕಂಪನ ಎಷ್ಟು ಬೇಗ ಏಳುತ್ತದೆಂದು ಅಳೆಯಬಹುದು. 1963ರಲ್ಲಿ ಮಿಲಿಕನ್ ಮತ್ತು ವೈಟ್ ಎಂಬಿಬ್ಬರು (ಈ ಮಿಲಿಕನ್ ಎಣ್ಣೆಹನಿಯ ಪ್ರಯೋಗದ ಮಿಲಿಕನ್ ಅಲ್ಲ) ಹಲವು ಅನಿಲಗಳ ಅಳತೆಗಳನ್ನು ಒಟ್ಟುಗೂಡಿಸಿ ಒಂದು ಸೂತ್ರಕ್ಕೆ ಇಳಿಸಿದರು. ಇಷ್ಟಾದರೂ ಧ್ವನಿಗೂ ಆಘಾತಕ್ಕೂ ಒಂದೇ ದೋಷ. ಎರಡೂ ಅನಿಲವನ್ನು ಇಡಿಯಾಗಿ ಕದಡುತ್ತವೆ. ಕಾವಡಿಯ ಮೂರು ಕಂಪನಗಳಲ್ಲಿ ಯಾವುದು ಮೊದಲು ಎದ್ದಿತು, ಯಾವುದು ಯಾವುದಕ್ಕೆ ಕೊಟ್ಟಿತು ಎಂಬುದು ಆ ಕದಡಿನಲ್ಲಿ ಕಾಣಿಸುವುದಿಲ್ಲ. ಹೊನ್ನಾವರದ ಅಳಿವೆಯಲ್ಲಿ ನಿಂತು ನೀರನ್ನು ಅಳೆದರೆ ಅದರಲ್ಲಿ ಅಂಬುತೀರ್ಥದ್ದೆಷ್ಟು, ಹಳ್ಳಕೊಳ್ಳಗಳದೆಷ್ಟು ಎಂದು ಹೇಳುವುದು ಸಾಧ್ಯವೇ?

ಬೇಕಾದದ್ದು ಒಂದು ಘಂಟೆಯನ್ನು ಮಾತ್ರ ಬಡಿದು ಉಳಿದವನ್ನು ಮುಟ್ಟದ ನಾಲಗೆ. ಆ ಬಡಿತವೂ ಘಂಟೆಯ ನಾದಕ್ಕಿಂತ ಗಿಡ್ಡವಾಗಿರಬೇಕು. 1960ರ ಮೇ ತಿಂಗಳಲ್ಲಿ ಅಮೆರಿಕದ ಹ್ಯೂಸ್ ಪ್ರಯೋಗಶಾಲೆಯಲ್ಲಿ ಮೈಮನ್ ಕೆಂಪುಕಲ್ಲಿನಿಂದ ಮೊದಲ ಲೇಸರ್ ಬೆಳಕನ್ನು ಹೊಮ್ಮಿಸಿದಾಗ ಅಂಥ ನಾಲಗೆ ಕೈಗೆ ಬಂತು. 1962ರಲ್ಲಿ ಅದೇ ಪ್ರಯೋಗಶಾಲೆಯ ವುಡ್‌ಬರಿ ಮತ್ತು ಎನ್‌ಜಿ ತಮ್ಮ ಲೇಸರಿನಲ್ಲಿ ಇರಬೇಕಾದ ಕೆಂಪಿನ ಜೊತೆಗೆ, ಕರೆಯದೆ ಬಂದ ಇನ್ನೊಂದು ಬೆಳಕನ್ನೂ ಕಂಡರು. ಬೆಳಕನ್ನು ತಡೆದು ಬಿಡುವುದಕ್ಕೆಂದು ಅವರು ಇಟ್ಟಿದ್ದ ನೈಟ್ರೊಬೆಂಜೀನ್ ದ್ರವ ಅದರ ಮೂಲವೆಂದು ಆಮೇಲೆ ತಿಳಿಯಿತು. ಅದು ರಾಮನ್ನರ ಬೆಳಕೇ. ಆದರೆ ಹಿಂದಿನಂತೆ ಹುಡುಕಿ ತೆಗೆಯಬೇಕಾದ ಮಿಣುಕಲ್ಲ, ತಾನೇ ಲೇಸರಿನಂತೆ ಉಕ್ಕಿ ಬರುವ ಪ್ರಚೋದಿತ ರಾಮನ್ ಬೆಳಕು. ಹಾಗೆ ಉಕ್ಕುವಾಗ ಅದು ಅಣುಗಳನ್ನು ಗುಂಪುಗುಂಪಾಗಿ ಕಂಪನದ ಮೊದಲ ಮೆಟ್ಟಿಲಿಗೆ ಏರಿಸುತ್ತದೆ.

1966ರಲ್ಲಿ ಡ್ಯುಕಾಂಗ್ ಮತ್ತು ದೆ ಮಾರ್ಟಿನಿ ಇದನ್ನೇ ಹಿಡಿದುಕೊಂಡರು. ಜಲಜನಕದ ಅಣುಗಳನ್ನು ಪ್ರಚೋದಿತ ರಾಮನ್ ಬೆಳಕಿನಿಂದ ಎಬ್ಬಿಸಿ, ಆ ಕಂಪನ ಎಷ್ಟು ಹೊತ್ತಿಗೆ ಅಡಗುತ್ತದೆಂದು ಅಳೆದರು. ವಾಯುಮಂಡಲದ ಒತ್ತಡದಲ್ಲಿ, ಸಾಮಾನ್ಯ ಉಷ್ಣತೆಯಲ್ಲಿ, ಸೆಕೆಂಡಿನ ಸುಮಾರು ಸಾವಿರದಲ್ಲೊಂದು ಭಾಗ. ಅಷ್ಟು ಹೊತ್ತಿನಲ್ಲಿ ಜಲಜನಕದ ಅಣು ಕೋಟಿಗೂ ಮಿಕ್ಕಿ ಢಿಕ್ಕಿ ತಿಂದಿರುತ್ತದೆ. 1928ರಲ್ಲಿ ಬೆಂಗಳೂರಿನ ಸಭೆ ಕೇಳಿದ ಆ ಬೆಳಕೇ, ತಾನು ಹೇಳದೆ ಬಿಟ್ಟಿದ್ದ ಎರಡನೆಯ ಪ್ರಶ್ನೆಗೂ ಕೊನೆಗೆ ಉತ್ತರ ತಂದಿತು.

ಅದೇ ವರ್ಷ ಮ್ಯಾಸಚೂಸೆಟ್ಸ್ ತಾಂತ್ರಿಕ ಸಂಸ್ಥೆಯಲ್ಲಿ ಹಾಕರ್, ಕೊವಾಕ್ಸ್, ರೋಡ್ಸ್, ಫ್ಲಿನ್, ಜವಾನ್ ಎಂಬ ಐವರು ಇನ್ನೂ ಸರಳವಾದ ಒಂದು ದಾರಿ ಹಿಡಿದರು. ಎರಡು ವರ್ಷಗಳ ಹಿಂದೆ, 1964ರಲ್ಲಿ, ಬೆಲ್ ಪ್ರಯೋಗಶಾಲೆಯಲ್ಲಿ ನಮ್ಮ ದೇಶದ, ಬಾರಾಮತಿಯಲ್ಲಿ ಹುಟ್ಟಿದ, ಕುಮಾರ್ ಪಟೇಲರು ಇಂಗಾಲದ ಡೈ ಆಕ್ಸೈಡಿನ ಲೇಸರನ್ನು ರಚಿಸಿದ್ದರು. ಆ ಲೇಸರಿನ ಒಂದು ಗಿಡ್ಡ ಮಿಡಿತವನ್ನು ಅದೇ ಅನಿಲ ತುಂಬಿದ ಗಾಜಿನ ಕೋಶಕ್ಕೆ ಬಿಟ್ಟರೆ, ಅಲ್ಲಿನ ಅಣುಗಳು ಕಾವಡಿಯ ಮೂರನೆಯ ಬಗೆಯ ಕಂಪನಕ್ಕೆ ಮಾತ್ರ ಏರುತ್ತವೆ. ಏರಿದ ಅಣುಗಳಲ್ಲಿ ಕೆಲವು ಬೇರೊಂದು ಅವಕೆಂಪು ಬೆಳಕನ್ನು ಹೊರಚೆಲ್ಲುತ್ತವೆ. ಅದನ್ನು ಮರುಬೆಳಕು ಎನ್ನೋಣ. ಮರುಬೆಳಕು ಮಂಕಾಗುತ್ತ ಹೋಗುವುದು ಆಸಿಲೊಸ್ಕೋಪಿನ ಪರದೆಯ ಮೇಲೆ ಇಳಿಜಾರಿನ ಗೆರೆಯಾಗಿ ಮೂಡುತ್ತದೆ. ಗೆರೆ ಇಳಿಯುವ ಕಾಲವೇ ಕಂಪನದ ಆಯುಷ್ಯ. ಒತ್ತಡ ಹೆಚ್ಚಿಸಿದರೆ ಢಿಕ್ಕಿ ಹೆಚ್ಚು, ಆಯುಷ್ಯ ಕಡಮೆ. ಹಲವು ಒತ್ತಡಗಳಲ್ಲಿ ಅಳೆದು ನಕ್ಷೆ ಬರೆದರೆ ಒಂದು ಢಿಕ್ಕಿಯ ಬೆಲೆಯೆಷ್ಟೆಂದು ಗೊತ್ತಾಗುತ್ತದೆ. ಬೇರೆ ಅನಿಲವನ್ನು ಬೆರಸಿ ಮತ್ತೆ ಅಳೆದರೆ ಆ ಅನಿಲ ಎಷ್ಟು ಚುರುಕಾಗಿ ಶಕ್ತಿಯನ್ನು ಕಸಿಯುತ್ತದೆಂಬುದೂ ಗೊತ್ತಾಗುತ್ತದೆ. ಮರುವರ್ಷ ಬರ್ಕ್‌ಲಿಯಲ್ಲಿ ಬ್ರಾಡ್ಲಿ ಮೂರ್ ಮತ್ತು ಸಂಗಡಿಗರು ಇದೇ ರೀತಿಯಲ್ಲಿ ಹಲವು ಅನಿಲಗಳ ಪಟ್ಟಿಯನ್ನೇ ಕೊಟ್ಟರು.

ಈ ಅಳತೆಗಳಲ್ಲಿ ನನಗೆ ಬಹಳ ಮೆಚ್ಚಾದದ್ದು ಸಾರಜನಕದ ಸಂಗತಿ. ಹೊಸನಗರ ತಾಲ್ಲೂಕಿನಲ್ಲಿ ಚಕ್ರಾ, ಸಾವೇಹಕ್ಲು ಎಂಬ ಎರಡು ಜಲಾಶಯಗಳಿವೆ. ಅವುಗಳ ನೀರನ್ನು ಕಾಲುವೆಯ ಮೂಲಕ ಲಿಂಗನಮಕ್ಕಿಗೆ ತಿರುಗಿಸಲಾಗಿದೆ. ನೀರು ಕಣಿವೆಗೆ ಬಿದ್ದು ವ್ಯರ್ಥವಾಗದೆ ಎತ್ತರದಲ್ಲಿಯೇ ಉಳಿದು ಇನ್ನೊಂದು ಕಟ್ಟೆಯನ್ನು ಸೇರುತ್ತದೆ. ಸಾರಜನಕವೂ ಇಂಗಾಲದ ಡೈ ಆಕ್ಸೈಡೂ ಇದನ್ನೇ ಮಾಡುತ್ತವೆ. ಸಾರಜನಕದ ಮೆಟ್ಟಿಲಿಗೂ ಕಾವಡಿಯ ಮೂರನೆಯ ಕಂಪನದ ಮೆಟ್ಟಿಲಿಗೂ ಎತ್ತರದಲ್ಲಿ ನೂರಕ್ಕೆ ಒಂದು ಭಾಗದಷ್ಟೂ ಅಂತರವಿಲ್ಲ. ಆದ್ದರಿಂದ ಅವೆರಡರ ನಡುವೆ ಕೊಡುಕೊಳ್ಳುವಿಕೆಗೆ ಐವತ್ತು ಸಾವಿರ ಢಿಕ್ಕಿ ಬೇಕಾಗಿಲ್ಲ. ಕೆಲವು ನೂರು ಸಾಕು. ಪಟೇಲರ ಲೇಸರಿಗೆ ಸಾರಜನಕ ಬೆರಸಿದರೆ ಬಲ ಬರುವುದು ಇದರಿಂದಲೇ. ವಿಚಿತ್ರವೆಂದರೆ ಈ ಕೊಡುಕೊಳ್ಳುವಿಕೆ, ಲಾಂಡೌ–ಟೆಲ್ಲರರ ಮಾತಿಗೆ ವಿರುದ್ಧವಾಗಿ, ಬಿಸಿ ಏರಿದಂತೆ ನಿಧಾನವಾಯಿತು. 1967ರಲ್ಲಿ ಆರ್. ಡಿ. ಶರ್ಮಾ ಮತ್ತು ಸಿ. ಎ. ಬ್ರೌ ಅದರ ಗುಟ್ಟನ್ನು ಬಿಡಿಸಿದರು. ಮೆಟ್ಟಿಲುಗಳು ಸಮವಾಗಿರುವಾಗ ಬಡಿತ ಬೇಕಿಲ್ಲ. ದೂರದಿಂದಲೇ ಒಂದರ ವಿದ್ಯುತ್ ಸೆಳೆತ ಇನ್ನೊಂದನ್ನು ತಾಗುತ್ತದೆ. ನಿಧಾನವಾಗಿ ಹಾದುಹೋಗುವ ಅಣುವಿಗೆ ಆ ಸೆಳೆತ ಹೆಚ್ಚು ಹೊತ್ತು ತಗಲುತ್ತದೆ.

ಮುಂದಿನ ಹತ್ತು ವರ್ಷಗಳಲ್ಲಿ ಈ ಗಡಿಯಾರ ಇನ್ನೂ ಸೂಕ್ಷ್ಮವಾಯಿತು. 1972ರಲ್ಲಿ ಮ್ಯೂನಿಚ್ಚಿನ ಲೌಬರೌ, ಫಾನ್ ಡೆರ್ ಲಿಂಡೆ, ಕೈಸರ್ ಮೂವರು ದ್ರವದಲ್ಲಿರುವ ಅಣುಗಳ ಕಂಪನವನ್ನು ಅಳೆದರು. ಒಂದು ಮಿಡಿತ ಎಬ್ಬಿಸುವುದಕ್ಕೆ, ಕೊಂಚ ತಡವಾಗಿ ಬರುವ ಇನ್ನೊಂದು ಮಿಡಿತ ವಿಚಾರಿಸುವುದಕ್ಕೆ. ಎಬ್ಬಿಸಿದ್ದೂ ವಿಚಾರಿಸಿದ್ದೂ ರಾಮನ್ನರ ವಿಧಾನದಿಂದಲೇ. ಅಲ್ಲಿನ ಆಯುಷ್ಯ ಸೆಕೆಂಡಿನ ಲಕ್ಷ ಕೋಟಿ ಭಾಗದಲ್ಲಿ ಹತ್ತಿಪ್ಪತ್ತು ಭಾಗದ ಸುತ್ತಮುತ್ತ. ಇದಕ್ಕೆ ತದ್ವಿರುದ್ಧವಾಗಿ 1976ರಲ್ಲಿ ಬ್ರೂಕ್ ಮತ್ತು ಆಸ್ಗುಡ್ ಶುದ್ಧವಾದ ದ್ರವ ಸಾರಜನಕದಲ್ಲಿ ಅಳೆದಾಗ ಕಂಪನ ಒಂದು ನಿಮಿಷದ ಹತ್ತಿರ ಹತ್ತಿರ ನಿಂತಿತು! ಒಂದೇ ಬಗೆಯ ಪ್ರಶ್ನೆಗೆ ಒಂದು ಅಣು ಕ್ಷಣದ ಕ್ಷಣವೆಂದರೆ ಇನ್ನೊಂದು ಸಂಧ್ಯಾವಂದನೆಯ ಒಂದು ಪ್ರಾಣಾಯಾಮದಷ್ಟು ಹೊತ್ತು ಎನ್ನುತ್ತದೆ. ಮೆಟ್ಟಿಲಿನ ಎತ್ತರ ಮಾತ್ರ ಬಲ್ಲವನು ಇದನ್ನು ಕನಸಿನಲ್ಲಿಯೂ ಊಹಿಸಲಾರ.

ಈ ಸಂಗತಿಗಳನ್ನು ಒಮ್ಮೆ ಊರಿನ ಜಗಲಿಯ ಮೇಲೆ ಕುಳಿತು ನನ್ನ ದೊಡ್ಡಪ್ಪನವರಿಗೆ ಹೇಳುತ್ತಿದ್ದೆ. ಅಡಿಕೆ ತೋಟದಲ್ಲಿ ಬಾಳು ಸವೆಸಿದ ಜೀವ. ಎಲ್ಲವನ್ನೂ ಕೇಳಿ, ಕವಳ ಉಗುಳಿ ಬಂದು, “ಅಲ್ಲ ಮಾರಾಯ, ಆ ಅಣು ಕುಣಿದ್ರ್ ನಮಗೇನು, ನಿಂತ್ರ್ ನಮಗೇನು?” ಎಂದರು. “ದೊಡ್ಡಪ್ಪ, ಸೆಕೆ ಹೆಚ್ಚಾಯ್ತು, ಮಳೆ ಹೊತ್ತಿಗೆ ಬರಲ್ಲ ಅಂತ ನೀವೇ ಬೆಳಗ್ಗೆ ಬೈತಾ ಇದ್ರಲ್ಲ, ಆ ಲೆಕ್ಕಕ್ಕೂ ಇದು ಬೇಕು” ಎಂದೆ. ಅವರು ನಗಲಿಲ್ಲ, “ಹಂಗಾರೆ ಹೇಳು” ಎಂದು ಕಂಬಕ್ಕೆ ಒರಗಿ ಕುಳಿತರು.

ಅವರಿಗೆ ಹೇಳಿದ್ದನ್ನೇ ಇಲ್ಲಿಯೂ ಹೇಳುತ್ತೇನೆ. ಬಿಸಿಲಿಗೆ ಕಾದ ನೆಲ ಅವಕೆಂಪು ಕಿರಣಗಳನ್ನು ಆಕಾಶದ ಕಡೆಗೆ ಬಿಡುತ್ತದೆ. ಗಾಳಿಯಲ್ಲಿರುವ ಇಂಗಾಲದ ಡೈ ಆಕ್ಸೈಡಿನ ಕಾವಡಿ ಆ ಕಿರಣವನ್ನು ನುಂಗಿ ಬಾಗಿ ಏಳತೊಡಗುತ್ತದೆ. ಅದನ್ನು ತನ್ನ ಪಾಡಿಗೆ ಬಿಟ್ಟರೆ ನುಂಗಿದ್ದನ್ನು ಬೆಳಕಾಗಿ ಹಿಂದಕ್ಕೆ ಉಗುಳುವುದಕ್ಕೆ ಒಂದು ಸೆಕೆಂಡಿನ ಆಸುಪಾಸು ಬೇಕು. ಆದರೆ ನೆಲದ ಮಟ್ಟದ ಗಾಳಿಯಲ್ಲಿ ಅದರ ಕಂಪನದ ಆಯುಷ್ಯ ಸೆಕೆಂಡಿನ ಹತ್ತು ಲಕ್ಷ ಭಾಗಗಳಲ್ಲಿ ಎಣಿಸುವಷ್ಟು ಮಾತ್ರ. ಉಗುಳುವುದಕ್ಕೆ ಬಹಳ ಮುಂಚೆಯೇ ಸಾರಜನಕ, ಆಮ್ಲಜನಕಗಳು ಢಿಕ್ಕಿ ಹೊಡೆದು ಆ ಶಕ್ತಿಯನ್ನು ಕಸಿದುಕೊಳ್ಳುತ್ತವೆ. ಕಸಿದ ಶಕ್ತಿ ಅಣುಗಳ ಓಡಾಟವಾಗುತ್ತದೆ. ಅಣುಗಳ ಓಡಾಟವನ್ನೇ ನಾವು ಸೆಕೆ ಎನ್ನುವುದು. ಗಾಳಿಯಲ್ಲಿ ಕೂದಲೆಳೆಯಷ್ಟಿರುವ ಒಂದು ಅನಿಲ ಇಡೀ ಗಾಳಿಯನ್ನು ಕಾಯಿಸುವುದು ಈ ಕೈಬದಲಿನಿಂದ. ನೆಲದಿಂದ ಎಂಬತ್ತು, ತೊಂಬತ್ತು ಕಿಲೊಮೀಟರು ಮೇಲಕ್ಕೆ ಹೋದರೆ ವ್ಯವಹಾರ ತಲೆಕೆಳಗು. ಅಲ್ಲಿ ಗಾಳಿ ತೀರ ತೆಳು, ಢಿಕ್ಕಿಗಳು ವಿರಳ. ಢಿಕ್ಕಿಯಿಂದ ಮೇಲೇರಿದ ಕಾವಡಿಗೆ ಉಗುಳುವುದಕ್ಕೆ ಸಮಯ ಸಿಗುತ್ತದೆ. ಶಕ್ತಿ ಆಕಾಶಕ್ಕೆ ಹೋಗಿ ಆ ಪದರ ತಣ್ಣಗಾಗುತ್ತದೆ. ಒಂದೇ ಅಣು ಕೆಳಗೆ ಕಂಬಳಿ, ಮೇಲೆ ಬೀಸಣಿಗೆ! ಎಲ್ಲಿ ಕಂಬಳಿ ಮುಗಿದು ಎಲ್ಲಿ ಬೀಸಣಿಗೆ ಮೊದಲಾಗುತ್ತದೆಂಬುದನ್ನು ನಿರ್ಣಯಿಸುವುದು ಕಂಪನದ ಆಯುಷ್ಯವೇ. ಕೈಗಾರಿಕೆಯ ಯುಗಕ್ಕೆ ಮುಂಚೆ ಗಾಳಿಯ ಹತ್ತು ಲಕ್ಷ ಅಣುಗಳಲ್ಲಿ ಸುಮಾರು 280 ಇದ್ದ ಈ ಅನಿಲ ಇಂದು 420ನ್ನು ದಾಟಿದೆ.

ಬೆಂಗಳೂರು ಈ ಕಥೆಯಿಂದ ಹೊರಗುಳಿಯಲಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ವಿಮಾನಶಾಸ್ತ್ರ ವಿಭಾಗದಲ್ಲಿ ಎನ್. ಎಂ. ರೆಡ್ಡಿ, ಕೆ. ಪಿ. ಜೆ. ರೆಡ್ಡಿ ಮೊದಲಾದವರು ಅನಿಲಪ್ರವಾಹದ ಲೇಸರುಗಳ ಸಿದ್ಧಾಂತವನ್ನು ಬೆಳಸಿದರು. ಕಾದ ಅನಿಲವನ್ನು ಕಿರಿದಾದ ಮೂತಿಯಿಂದ ಹಠಾತ್ತನೆ ಹರಿಯಬಿಟ್ಟರೆ ಅದರ ಓಡಾಟ ತಣ್ಣಗಾಗುತ್ತದೆ. ಸಾರಜನಕದ ಕಂಪನ ಮಾತ್ರ ಇಳಿಯುವುದಕ್ಕೆ ಹೊತ್ತಿಲ್ಲದೆ ಮೇಲೆಯೇ ಉಳಿಯುತ್ತದೆ. ಆ ಉಳಿದ ಶಕ್ತಿಯನ್ನು ಬೆಳಕಾಗಿ ತೆಗೆಯುವ ಲೇಸರ್ ಅದು; ಆಯುಷ್ಯದ ಅಂಕಿಗಳಿಲ್ಲದೆ ಅದರ ಒಂದು ಸಾಲನ್ನೂ ಬರೆಯಲಾಗದು. ಈ ಶತಮಾನದ ಮೊದಲ ದಶಕದಲ್ಲಿ ಅದೇ ಸಂಸ್ಥೆಯಲ್ಲಿ ಶಿವ ಉಮಾಪತಿಯವರೂ ಅವರ ಜೊತೆಗಾರರೂ ಅತಿ ಗಿಡ್ಡ ಮಿಡಿತಗಳಿಂದ ರಾಮನ್ ವರ್ಣಪಟಲವನ್ನು ಪಡೆಯುವ ಹೊಸ ವಿಧಾನವೊಂದನ್ನು ಪ್ರಕಟಿಸಿದರು. ಗಂಟೆಗಟ್ಟಲೆ ಕಾದು ಪಡೆಯುತ್ತಿದ್ದ ಚಿತ್ರ ಈಗ ಕ್ಷಣದ ಕೂಸಾಗಿದೆ.

ರಾಮನ್ ಈ ತಿರುವನ್ನು ನೋಡುವಷ್ಟು ಕಾಲ ಬದುಕಿದ್ದರು. ಅವರು ಬೆಂಗಳೂರಿನಲ್ಲಿ ತೀರಿಕೊಂಡದ್ದು 1970ರ ನವೆಂಬರ್ 21ರಂದು. ತಮ್ಮ ಹೆಸರಿನ ಬೆಳಕನ್ನು ಪರದೇಶದವರು ಲೇಸರಿಗೆ ಹೂಡಿ ಅಣುವಿನ ಆಯುಷ್ಯವನ್ನು ಎಣಿಸುತ್ತಿದ್ದ ಆ ವರ್ಷಗಳಲ್ಲಿ, ಅವರು ತಾವೇ 1948ರಲ್ಲಿ ಕಟ್ಟಿದ ಸಂಶೋಧನಾಲಯದ ತೋಟದಲ್ಲಿ ಹೂಗಳ ಬಣ್ಣವನ್ನೂ ಮನುಷ್ಯನ ಕಣ್ಣು ಬಣ್ಣವನ್ನು ಅರಿಯುವ ಬಗೆಯನ್ನೂ ವಿಚಾರಿಸುತ್ತಿದ್ದರು. 1968ರಲ್ಲಿ ದೃಷ್ಟಿಯನ್ನು ಕುರಿತು ಗ್ರಂಥವನ್ನೂ ತಂದರು. ಇದನ್ನು ಕೆಲವರು ಹಿನ್ನಡೆ ಎಂದಾರು. ನನಗೆ ಹಾಗೆ ತೋರುವುದಿಲ್ಲ. ಹೊಳೆಯ ಮೂಲವನ್ನು ಕಂಡವನೇ ಅಳಿವೆಯವರೆಗೂ ನಡೆಯಬೇಕೆಂಬ ಕಟ್ಟಳೆಯಿಲ್ಲ. ಆದರೆ ದಾರಿ ಅಲ್ಲಿಗೆ ಮುಗಿಯಲಿಲ್ಲವೆಂಬುದನ್ನು ಹಿಂದೆ ಬಂದವರು ಮರೆಯಬಾರದು.

1987ರಿಂದ ಫೆಬ್ರವರಿ 28 ನಮ್ಮಲ್ಲಿ ರಾಷ್ಟ್ರೀಯ ವಿಜ್ಞಾನ ದಿನ. ಸಾಗರ, ಹೊಸನಗರ, ತೀರ್ಥಹಳ್ಳಿಯ ಶಾಲೆ ಕಾಲೇಜುಗಳಲ್ಲಿಯೂ ಅಂದು ರಾಮನ್ನರ ಚಿತ್ರಕ್ಕೆ ಹಾರ ಬೀಳುತ್ತದೆ, ಭಾಷಣವಾಗುತ್ತದೆ, ಕಡಲಿನ ನೀಲಿಯ ಕಥೆ ಮತ್ತೆ ಬರುತ್ತದೆ. ಒಳ್ಳೆಯದೇ. ಜೊತೆಗೆ ಅಧ್ಯಾಪಕ ಮಿತ್ರರು ಹುಡುಗರಿಗೆ ಆ ಉಪನ್ಯಾಸ ಉತ್ತರಿಸದೆ ಬಿಟ್ಟ ಪ್ರಶ್ನೆಯನ್ನೂ ಒಂದು ಮಾತು ಹೇಳಲಿ. ಬೆಳಕಿನಿಂದ ಅಣು ಎಷ್ಟು ಪಡೆಯಿತು ಎಂಬುದಕ್ಕೆ ಬಹುಮಾನ ಬಂದಿದೆ. ಪಡೆದದ್ದನ್ನು ಅದು ಎಷ್ಟು ಹೊತ್ತು ಇಟ್ಟುಕೊಂಡಿತು, ಯಾರಿಗೆ ಕೊಟ್ಟಿತು ಎಂಬ ಲೆಕ್ಕ ಇನ್ನೂ ಎಷ್ಟೋ ಅಣುಗಳ ವಿಷಯದಲ್ಲಿ ಬಾಕಿಯಿದೆ. ಆ ಲೆಕ್ಕ ಬರೆಯುವ ಹುಡುಗಿಯೋ ಹುಡುಗನೋ ನಮ್ಮ ಮೂರು ತಾಲ್ಲೂಕುಗಳ ಯಾವುದೋ ಬೆಂಚಿನ ಮೇಲೆ ಇಂದು ಕುಳಿತಿರಬಾರದೆಂದು ಎಲ್ಲಿದೆ?